ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀಯವರ ಅಭಿನಯ

ರಂಗಭೂಮಿ, ಚಲನಚಿತ್ರ, ದೂರದರ್ಶನ ಎಂಬ ಮೂರು ಕ್ಷೇತ್ರಗಳಲ್ಲಿಯೂ ದುಡಿದ ಕಲಾವಿದರು ಕನ್ನಡನಾಡಿನಲ್ಲಿ ವಿರಳರೇನೂ ಅಲ್ಲ. ನಮ್ಮ ಚಿತ್ರರಂಗವು ತನಗೆ ಬೇಕಾದ ಮುಖಗಳನ್ನೂ ಕಂಠಗಳನ್ನೂ ಮೊದಲಿನಿಂದಲೂ ನಾಟಕಶಾಲೆಯಿಂದಲೇ ಪಡೆದುಕೊಂಡು ಬಂದಿದೆ. 1934ರಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರಧಾನ ಪಾತ್ರಗಳನ್ನು ವಹಿಸಿದ ಸುಬ್ಬಯ್ಯನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಮೊದಲಾದವರೆಲ್ಲರೂ ರಂಗಸ್ಥಳದ ಮೇಲೆ ಬೆಳೆದವರೇ ಆಗಿದ್ದರು. ಆದರೆ ಒಬ್ಬ ಕಲಾವಿದೆಯನ್ನು ರಂಗಭೂಮಿಯು ತನ್ನ ಅಗ್ರಗಣ್ಯರ ಪಂಕ್ತಿಯಲ್ಲಿ ಕೂರಿಸಿ ಗೌರವಿಸುತ್ತಿದ್ದ ಕಾಲದಲ್ಲಿಯೇ ಚಿತ್ರರಂಗವು ಆಕೆಯನ್ನು ಕ್ಷಣಕಾಲದ ನಗೆಗೆ ಮಾತ್ರ ಒದಗುವ ಸಾಮಗ್ರಿಯೆಂದು ಬಗೆದುದೂ, ಹೀಗೆ ಎರಡು ದಶಕಗಳಿಗೂ ಮಿಕ್ಕಿ ಎರಡು ವಿಭಿನ್ನ ಕೀರ್ತಿಗಳನ್ನು ಹೊತ್ತು ನಡೆದ ಆಕೆ ಕೊನೆಗೆ ಅದೇ ಚಿತ್ರರಂಗದಿಂದ ರಾಷ್ಟ್ರದ ಶ್ರೇಷ್ಠ ನಟಿಯೆಂಬ ಮನ್ನಣೆಯನ್ನು ಪಡೆದುದೂ ಅಪೂರ್ವವಾದ ಸಂಗತಿ. ಉಮಾಶ್ರೀಯವರ ಕಲಾಜೀವನವನ್ನು ಸಮಗ್ರವಾಗಿ ಅವಲೋಕಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆಯೂ ಇದೇ: ‘ಒಡಲಾಳ’ದ ಸಾಕವ್ವನನ್ನು ಕಂಡು ಕಣ್ಣು ಒದ್ದೆಮಾಡಿಕೊಂಡ ಪ್ರೇಕ್ಷಕನೂ, ತೆರೆಯ ಮೇಲೆ ನಟ ಎನ್. ಎಸ್. ರಾಯರೊಡನೆ ಆಕೆ ನಡೆಸಿದ ಹಾಸ್ಯದ ಜಟಾಪಟಿಗೆ ಶಿಳ್ಳೆ ಹಾಕಿದ ಪ್ರೇಕ್ಷಕನೂ ಕಂಡದ್ದು ಇಬ್ಬರು ನಟಿಯರನ್ನೋ, ಒಬ್ಬಳನ್ನೋ?

ಒಬ್ಬಳನ್ನೇ ಎಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಂಗಡಿಸಿದ್ದಾನಷ್ಟೆ. ಉಮಾಶ್ರೀಯವರ ಕಲೆಯ ಮೂಲಧನ ವಾಚಿಕ. ಬಯಲುಸೀಮೆಯ ಹೆಣ್ಣಿನ ನಾಲಗೆಯಲ್ಲಿರುವ ಸಿಟ್ಟು, ಸಂಕಟ, ಕುಚೇಷ್ಟೆ, ಕಕ್ಕುಲಾತಿಗಳನ್ನು ಒಂದೇ ಉಸಿರಿನಲ್ಲಿ ಬೆರೆಸಬಲ್ಲ ಆ ಶಕ್ತಿಯೇ ಅವರನ್ನು ರಂಗದ ಮೇಲೆ ಎತ್ತರಕ್ಕೆ ಏರಿಸಿತು, ಅದನ್ನೇ ಚಿತ್ರರಂಗವು ಅಗ್ಗಕ್ಕೆ ಕೊಂಡಿತು, ಅದನ್ನೇ ಚಿತ್ರನಿರ್ದೇಶಕ ಗಿರೀಶ ಕಾಸರವಳ್ಳಿಯವರು ಒಮ್ಮೆ ತಡೆದು ನಿಲ್ಲಿಸಿ ಅದರ ಹಿಂದೆ ಅಡಗಿದ್ದ ಸಾತ್ತ್ವಿಕವನ್ನು ಬೆಳಕಿಗೆ ತಂದರು. ಮಾಧ್ಯಮಗಳು ಬದಲಾದಂತೆ ಆ ಒಂದೇ ಶಕ್ತಿಗೆ ಸಿಕ್ಕ ಅವಕಾಶ ಹಿಗ್ಗಿತು, ಕುಗ್ಗಿತು.

ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ 1957ರಲ್ಲಿ ಹುಟ್ಟಿದ ಉಮಾಶ್ರೀಯವರು ಹವ್ಯಾಸಿ ರಂಗಭೂಮಿಗೆ ಬಂದದ್ದು ಅದು ತನ್ನ ಉತ್ಕರ್ಷದಲ್ಲಿದ್ದ ಕಾಲದಲ್ಲಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಸುತ್ತಮುತ್ತ ನಟರಂಗ, ಬೆನಕ, ಸ್ಪಂದನ, ಸಮುದಾಯ, ರಂಗಸಂಪದ ಮೊದಲಾದ ತಂಡಗಳು ಒಂದರ ಮೇಲೊಂದು ಪ್ರಯೋಗಗಳನ್ನು ಮಾಡುತ್ತಿದ್ದ ದಿನಗಳವು. ತುರ್ತುಪರಿಸ್ಥಿತಿಯ ಬೇಗೆಯೂ, ದಲಿತ-ಬಂಡಾಯ ಸಾಹಿತ್ಯದ ಕಾವೂ ನಾಟಕಶಾಲೆಯ ಒಳಗೆ ಹೊಕ್ಕಿದ್ದವು. ಕಂಪನಿ ನಾಟಕದಲ್ಲಿ ಸ್ತ್ರೀಯರಿಗೆ ತಕ್ಕಮಟ್ಟಿನ ಸ್ಥಾನವು ಆ ಮೊದಲೇ ದೊರೆತಿತ್ತು, ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿಯೇ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಪುರುಷಪಾತ್ರಗಳನ್ನೂ ಸ್ತ್ರೀಯರೇ ವಹಿಸಿ ಗೆಲ್ಲಬಲ್ಲರೆಂಬುದನ್ನು ಊರೂರುಗಳಲ್ಲಿ ತೋರಿಸಿಕೊಟ್ಟಿದ್ದರು. ಹವ್ಯಾಸಿ ತಂಡಗಳಲ್ಲಾದರೋ, ಹಗಲೆಲ್ಲ ಹೊಟ್ಟೆಪಾಡಿಗೆ ದುಡಿದು ಸಂಜೆಯ ತಾಲೀಮಿಗೆ ಬಂದು ರಾತ್ರಿ ಮನೆ ಸೇರಬೇಕಾದ ಹೆಣ್ಣುಮಕ್ಕಳ ಕಷ್ಟ ಬೇರೆಯದೇ ಆಗಿತ್ತು. ನಾಟಕದಿಂದ ಮನೆಯ ಒಲೆ ಉರಿಯುತ್ತಿರಲಿಲ್ಲವೆಂಬ ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳದೆ ಅವರ ಮುಂದಿನ ಚಲನಚಿತ್ರ ಜೀವನವನ್ನು ತೂಗಿ ನೋಡುವುದು ನ್ಯಾಯವಾಗಲಾರದು.

‘ಒಡಲಾಳ’ವು ದೇವನೂರ ಮಹಾದೇವರ ನೀಳ್ಗತೆ. ಸಿ. ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ಅದು ರಂಗದ ಮೇಲೆ ಬಂದಾಗ ಸಾಕವ್ವನ ಪಾತ್ರ ಉಮಾಶ್ರೀಯವರ ಪಾಲಿಗೆ ಬಂತು. ಆ ಕಥೆಯಲ್ಲಿ ನಡೆಯುವುದು ಅತ್ಯಲ್ಪ: ಮುದುಕಿಯೊಬ್ಬಳ ಹುಂಜ ಕಳೆದುಹೋಗಿದೆ, ಆಕೆ ಅದನ್ನು ಹುಡುಕುತ್ತ ಕಂಡಕಂಡವರಿಗೆ ಶಾಪ ಹಾಕುತ್ತಿದ್ದಾಳೆ, ರಾತ್ರಿ ಮನೆಗೆ ಕದ್ದು ತಂದ ಕಡ್ಲೆಕಾಯಿಯ ಮೂಟೆ ಬರುತ್ತದೆ, ಮಕ್ಕಳು, ಮೊಮ್ಮಕ್ಕಳು, ಸೊಸೆಯರೆಲ್ಲ ಬೆಂಕಿಯ ಸುತ್ತ ಕುಳಿತು ಅಷ್ಟನ್ನೂ ತಿಂದು ಸಿಪ್ಪೆಯನ್ನು ಸುಟ್ಟುಬಿಡುತ್ತಾರೆ, ಬೆಳಗಾದರೆ ಪೊಲೀಸರು. ಇಷ್ಟರೊಳಗೆ ಹಸಿವು, ಮರ್ಯಾದೆ, ಮಮತೆ, ಭಯಗಳ ಒಂದು ಮಹಾಕಾವ್ಯವೇ ಅಡಗಿದೆ. ಅದನ್ನು ಹೊತ್ತು ನಿಲ್ಲಬೇಕಾದ ಮುದುಕಿಯ ಪಾತ್ರಕ್ಕೆ ಬಂದ ನಟಿಯಾದರೋ ಆಗಿನ್ನೂ ಯುವತಿ.

ವೃದ್ಧಾಪ್ಯವನ್ನು ನಟಿಸುವುದು ಸುಲಭವೆಂದು ತಿಳಿದವರುಂಟು. ಬೆನ್ನು ಬಾಗಿಸಿ, ಕೈ ನಡುಗಿಸಿ, ದನಿಯನ್ನು ಸೀಳಿಸಿದರೆ ಮುದುಕಿಯಾಯಿತೆಂಬುದು ಶಾಲಾವಾರ್ಷಿಕೋತ್ಸವದ ಪದ್ಧತಿ. ಸಾಕವ್ವನ ವೃದ್ಧಾಪ್ಯ ಆ ಬಗೆಯದಲ್ಲ. ಆಕೆ ಮನೆಯ ಯಜಮಾನಿ, ದುಡಿದು ಗಟ್ಟಿಯಾದ ದೇಹದವಳು, ತನ್ನ ಸಂಸಾರವೆಲ್ಲ ತನ್ನ ನಾಲಗೆಯ ಅಳತೆಯೊಳಗೆ ಇರಬೇಕೆನ್ನುವವಳು. ಆಕೆಯ ಬೈಗುಳದಲ್ಲಿ ಎರಡು ಪದರಗಳಿವೆ. ಹುಂಜ ಕದ್ದವರ ಮನೆ ಹಾಳಾಗಲಿ ಎನ್ನುವಾಗ ಕೇಳುವುದು ಬರಿಯ ಕೋಪವಲ್ಲ, ಇದ್ದದ್ದು ಅದೊಂದೇ, ಅದೂ ಹೋಯಿತೆಂಬ ದಾರಿದ್ರ್ಯದ ಆರ್ತನಾದವೂ ಹೌದು. ಈ ಎರಡೂ ಪದರಗಳು ಒಟ್ಟಿಗೆ ಕೇಳಿಸಬೇಕು. ಮೊದಲನೆಯದು ಮಾತ್ರ ಕೇಳಿಸಿದರೆ ಪ್ರಹಸನವಾಗುತ್ತದೆ, ಎರಡನೆಯದು ಮಾತ್ರ ಕೇಳಿಸಿದರೆ ಅಳುಬುರುಕ ನಾಟಕವಾಗುತ್ತದೆ. ಉಮಾಶ್ರೀಯವರ ಸಾಕವ್ವ ನಗಿಸುತ್ತ ನಗಿಸುತ್ತಲೇ, ಅದೇ ವಾಕ್ಯ ಮುಗಿಯುವಷ್ಟರಲ್ಲಿ, ನಕ್ಕದ್ದಕ್ಕೆ ನಾವು ನಾಚುವಂತೆ ಮಾಡುತ್ತಿದ್ದಳು. ಕಡ್ಲೆಕಾಯಿ ತಿನ್ನುವ ಇರುಳಿನ ದೃಶ್ಯದಲ್ಲಿ ಅದೇ ನಾಲಗೆ ಮೆತ್ತಗಾಗಿ, ಮೊಮ್ಮಗನ ಕೈಗೆ ಇನ್ನೊಂದು ಹಿಡಿ ತುಂಬುವ ಅಜ್ಜಿಯ ನಾಲಗೆಯಾಗುವುದನ್ನು ಕಂಡವರಿಗೆ, ಅದೇ ಮನೆಯ ಹುಡುಗಿ ಪುಟ್ಟಗೌರಿ ಗೋಡೆಯ ಮೇಲೆ ಬರೆಯುವ ನವಿಲಿನಷ್ಟೇ ಚೆಲುವಾದ ಇನ್ನೊಂದು ಚಿತ್ರ ದೊರಕಿತ್ತೆನ್ನಬಹುದು. ನಂಜನಗೂಡು ಸೀಮೆಯ ಆ ಕನ್ನಡವನ್ನು ತುಮಕೂರು ಸೀಮೆಯ ಹೆಣ್ಣುಮಗಳು ಅರಗಿಸಿಕೊಂಡ ರೀತಿಯೂ ಗಮನಾರ್ಹ. ಕೆಳಜಾತಿಯ ಮುದುಕಿಯೊಬ್ಬಳನ್ನು ದಯೆಯ ಪಾತ್ರವಾಗಿ ಕೆಳಗಿಳಿಸದೆ, ವೀರರಸಕ್ಕೆ ಉಬ್ಬಿಸಿ ಮೇಲೇರಿಸದೆ, ಇದ್ದಲ್ಲಿಯೇ ಇರಿಸಿ ದೊಡ್ಡವಳಾಗಿ ಕಾಣಿಸಿದ ಆ ಪಾತ್ರವು ಆಧುನಿಕ ಕನ್ನಡ ರಂಗಭೂಮಿಯ ಮಹತ್ತ್ವದ ನಟನಕಾರ್ಯಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಇತ್ತ ಚಿತ್ರರಂಗದ ಕಥೆ. ಕಾಶೀನಾಥರ ‘ಅನುಭವ’ (1984) ಉಮಾಶ್ರೀಯವರನ್ನು ನಾಡಿನ ಜನಕ್ಕೆಲ್ಲ ಪರಿಚಯಿಸಿತು. ಬಾಲ್ಯವಿವಾಹದ ದುಷ್ಫಲವನ್ನು ಕಾಮದ ಕುತೂಹಲದೊಡನೆ ಹೆಣೆದ ಆ ಚಿತ್ರವು ಬಹಳ ಓಡಿತು, ಬಹಳ ಬೈಸಿಕೊಂಡಿತು. ಅದರಲ್ಲಿ ಉಮಾಶ್ರೀಯವರು ತೋರಿದ ನಿಸ್ಸಂಕೋಚವಾದ ಧೈರ್ಯವು ನಟನೆಯ ದೃಷ್ಟಿಯಿಂದ ಪ್ರಶಂಸಾರ್ಹವಾಗಿದ್ದರೂ ನಿರ್ಮಾಪಕರು ಅದರಿಂದ ಕಲಿತ ಪಾಠ ಬೇರೆಯೇ ಆಯಿತು. ಬಿಚ್ಚುಮಾತಿನ, ಬಾಯಿಬಡುಕಿಯಾದ, ಗಂಡಸರನ್ನು ಗದರಿಸಿಯೋ ಮೋಹಿಸಿಯೋ ಪೇಚಿಗೆ ಸಿಲುಕಿಸುವ ಹೆಂಗಸೆಂಬ ಒಂದು ಅಚ್ಚನ್ನು ತಯಾರಿಸಿ, ಚಿತ್ರಚಿತ್ರಕ್ಕೂ ಅದರಲ್ಲಿಯೇ ಅವರನ್ನು ಎರಕ ಹೊಯ್ದರು. ಎನ್. ಎಸ್. ರಾಯರೊಡನೆ ಅವರ ಜೋಡಿ ಅತ್ಯಂತ ಜನಪ್ರಿಯವಾಯಿತು. ದ್ವಂದ್ವಾರ್ಥದ ಸಂಭಾಷಣೆಯು ಕನ್ನಡ ಹಾಸ್ಯವನ್ನು ಆವರಿಸಿಕೊಂಡ ಆ ವರ್ಷಗಳಲ್ಲಿ ಅದರ ಭಾರದ ಬಹುಪಾಲು ಅವರ ಹೆಗಲಿಗೆ ಬಿತ್ತು. ಅದರ ಅಪಕೀರ್ತಿಯ ಬಹುಪಾಲೂ ಅವರಿಗೇ ಬಂತು, ಬರೆದವರ ಹೆಸರನ್ನು ಯಾರೂ ಕೇಳಲಿಲ್ಲ.

ನಮ್ಮ ಚಿತ್ರರಂಗದಲ್ಲಿ ಹಾಸ್ಯನಟಿಯರ ಪರಂಪರೆ ಕ್ಷುಲ್ಲಕವಾದುದಲ್ಲ. ಬಿ. ಜಯಾ, ರಮಾದೇವಿ, ಎಂ. ಎನ್. ಲಕ್ಷ್ಮೀದೇವಿ ಮೊದಲಾದವರು ಅಲ್ಪಾವಕಾಶದಲ್ಲಿಯೇ ಅನಲ್ಪವಾದುದನ್ನು ಸಾಧಿಸಿದವರು. ನರಸಿಂಹರಾಜು ಅವರಂಥ ದಿಗ್ಗಜರ ಎದುರು ನಿಂತು ಮಾತಿಗೆ ಮಾತು ಕೊಟ್ಟವರು. ಆದರೆ ಅವರ ಕಾಲದ ಹಾಸ್ಯವು ಕಥೆಯ ಸಂಸಾರದೊಳಗಿನದು: ಅತ್ತೆ, ನಾದಿನಿ, ನೆರೆಮನೆಯಾಕೆ, ಜೀನಿ ಗಂಡನ ಹೆಂಡತಿ. ಎಂಬತ್ತರ ದಶಕದ ಹೊತ್ತಿಗೆ ಹಾಸ್ಯವು ಕಥೆಯಿಂದ ಕತ್ತರಿಸಿಕೊಂಡು, ನಾಯಕನ ಹೊಡೆದಾಟಕ್ಕೂ ನಾಯಿಕೆಯ ಹಾಡಿಗೂ ನಡುವೆ ತುರುಕುವ ಪ್ರತ್ಯೇಕ ಪಾಳಿಯಾಯಿತು. ಆ ಪಾಳಿಗೆ ಹಿಂದಿಲ್ಲ, ಮುಂದಿಲ್ಲ. ಪಾತ್ರಕ್ಕೆ ಮನೆಯಿಲ್ಲ, ಹಸಿವಿಲ್ಲ. ಸಾಕವ್ವನ ಬೈಗುಳಕ್ಕಿದ್ದ ಎರಡನೆಯ ಪದರವು ಇಲ್ಲಿ ಹುಟ್ಟುವುದೇ ಸಾಧ್ಯವಿರಲಿಲ್ಲ. ಆದರೂ ಆ ದೃಶ್ಯಗಳನ್ನು ಇಂದು ತಾಳ್ಮೆಯಿಂದ ನೋಡಿದರೆ ಕೆಲವು ಗುಣಗಳು ಕಣ್ಣಿಗೆ ಬೀಳದೆ ಇರವು: ಎದುರು ನಟನ ಮಾತು ಮುಗಿಯುವ ಮೊದಲೇ ಮುಖದಲ್ಲಿ ಸಿದ್ಧವಾಗಿರುವ ಉತ್ತರ, ಒಂದು ಅಕ್ಷರವನ್ನು ಎಳೆದು ಅರ್ಥವನ್ನೇ ತಿರುವಿಬಿಡುವ ಕಾಕು, ಅಸಭ್ಯವಾದ ಮಾತನ್ನೂ ಹಳ್ಳಿಯ ಕಟ್ಟೆಯ ಮೇಲಿನ ಲೋಕಾಭಿರಾಮದ ಮಾತಾಗಿಸಿ ಅರ್ಧ ಶುದ್ಧಿಗೊಳಿಸುವ ಸಹಜತೆ. ನಾಲ್ಕು ಸಾಲಿನ ಕೆಟ್ಟ ಸಂಭಾಷಣೆಯಲ್ಲಿಯೂ ತಾಳವನ್ನು ತಪ್ಪದ ಈ ಶಿಸ್ತು ತಾಲೀಮಿನ ಕೋಣೆಯಲ್ಲಿ ಸಂಪಾದಿಸಿದ್ದು. ಇಂಥ ನಟಿಗೆ ಇಂಥ ಮಾತುಗಳನ್ನೇ ಬರೆದುಕೊಟ್ಟ ಕಾಲದ ಬಗ್ಗೆ ನನಗೆ ದುಃಖವಿದೆ. ದುಡಿಯುವ ತಾಯಿಯೊಬ್ಬಳು ಬಂದ ಕೆಲಸವನ್ನು ಒಪ್ಪಿಕೊಂಡಳೆಂಬುದರ ಬಗ್ಗೆ ಲವಲೇಶವೂ ಆಕ್ಷೇಪವಿಲ್ಲ.

ಅಚ್ಚು ಒಡೆಯುವ ಸೂಚನೆಗಳು ನಡುನಡುವೆ ಕಾಣಿಸಿಕೊಂಡವು. ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರರು ತೆಗೆದ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ, ಓದಿ ಮುಂದೆ ಬರಬೇಕೆನ್ನುವ ದಲಿತ ಹುಡುಗನ ತಾಯಿಯಾಗಿ ಅವರು ನಿಂತ ಬಗೆ ಒಂದು. ಮರುವರ್ಷದ ‘ಪುಟ್ನಂಜ’ (1995) ಇನ್ನೊಂದು. ಇದು ಶುದ್ಧ ವ್ಯಾಪಾರೀ ಚಿತ್ರ. ರವಿಚಂದ್ರನ್ ಅವರು ನಾಯಕ, ಉಮಾಶ್ರೀಯವರು ನಾಯಕನ ಅಜ್ಜಿ ಪುಟ್ಮಲ್ಲಿ. ವಯಸ್ಸಿನಲ್ಲಿ ಆತನಿಗಿಂತ ನಾಲ್ಕೇ ವರ್ಷ ಹಿರಿಯರಾದ ನಟಿ ಅಜ್ಜಿಯಾದದ್ದನ್ನು ಜನ ಗಮನಿಸಲೂ ಇಲ್ಲ, ಅಷ್ಟು ಸಹಜವಾಗಿ ಒಪ್ಪಿಕೊಂಡರು; ಇಂದಿಗೂ ಹಳ್ಳಿಗಳಲ್ಲಿ ಉಮಾಶ್ರೀ ಎಂದರೆ ಪುಟ್ಮಲ್ಲಿ ಎನ್ನುವವರಿದ್ದಾರೆ. ಸಾಕವ್ವನನ್ನು ಕಂಡವರಿಗೆ ಆ ಅಜ್ಜಿಯ ಬೇರು ಎಲ್ಲಿತ್ತೆಂದು ಹೇಳಬೇಕಾಗಿಲ್ಲ. ಕಲಾಕ್ಷೇತ್ರದ ಕೆಲವು ನೂರು ಮಂದಿ ಕಂಡಿದ್ದ ಒಂದು ಸಾಮರ್ಥ್ಯದ ಅಂಶವು ಹೀಗೆ ಲಕ್ಷಾಂತರ ಜನರ ಬಳಿಗೆ, ಹಾಡು ಕುಣಿತಗಳ ನಡುವೆ ನುಸುಳಿಕೊಂಡು ಹೋಯಿತು.

ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ (2008) ವೈದೇಹಿಯವರ ಕಥೆಯಿಂದ ಹೊರಟು ತನ್ನದೇ ದಾರಿ ಹಿಡಿದ ಚಿತ್ರ. ಕುಂದಾಪುರದ ಸೀಮೆಯ ಮೀನುಗಾರರ ನಡುವೆ, ಕಾರ್ಗಿಲ್ ಯುದ್ಧದ ಕಾಲದ ಹವೆಯಲ್ಲಿ, ಗುಲಾಬಿಯೆಂಬ ಮುಸಲ್ಮಾನ ಸೂಲಗಿತ್ತಿ ಒಂಟಿಯಾಗಿ ಬದುಕುತ್ತಿದ್ದಾಳೆ. ಗಂಡ ಮೂಸಾ ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದಾನೆ. ಆಕೆಗಿರುವ ಏಕೈಕ ವ್ಯಸನ ಸಿನೆಮಾ. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಮನೆಗೆ ಟೀವಿಯೂ ಡಿಷ್ಷೂ ಬರುತ್ತವೆ. ಅಂದಿನಿಂದ ಕೇರಿಯ ಹೆಂಗಸರಲ್ಲಿ ಕೆಲವರು ಒಳಗೆ ಬಂದು ಕೂರುತ್ತಾರೆ, ಜಾತಿಯ ಬಿಗುಮಾನ ಬಿಡದ ಕೆಲವರು ಹೊರಗಿನಿಂದಲೇ ಇಣುಕುತ್ತಾರೆ. ನೇತ್ರು ಎಂಬ ಹೆಣ್ಣುಮಗಳೊಡನೆ ಗುಲಾಬಿಗೆ ಸ್ನೇಹ ಬೆಳೆಯುತ್ತದೆ. ಒಂದು ದಿನ ನೇತ್ರು ಕಾಣೆಯಾದಾಗ ಅದರ ಹೊಣೆಯನ್ನು ಊರು ಗುಲಾಬಿಯ ತಲೆಗೆ ಕಟ್ಟುತ್ತದೆ.

ಈ ಪಾತ್ರದಲ್ಲಿ ನಿರ್ದೇಶಕರು ಮೊದಲು ಮಾಡಿದ ಕೆಲಸವೆಂದರೆ ಉಮಾಶ್ರೀಯವರ ಮೂಲಧನಕ್ಕೇ ಕಡಿವಾಣ ಹಾಕಿದ್ದು. ಗುಲಾಬಿ ಮಿತಭಾಷಿಣಿಯಲ್ಲ, ಮಾತನಾಡುತ್ತಾಳೆ. ಆದರೆ ಆಕೆಯ ಮಾತು ಸಾಕವ್ವನಂತೆ ಆಳುವ ಮಾತಲ್ಲ, ಹಾಸ್ಯದ ಪಾಳಿಯ ಮಾತಿನಂತೆ ಎದುರಾಳಿಯನ್ನು ಬೀಳಿಸುವ ಮಾತೂ ಅಲ್ಲ. ಯಾರೂ ಕೇಳದಿದ್ದರೂ ಆಡಿಕೊಳ್ಳುವ, ಕೇಳುವವರು ಸಿಕ್ಕರೆ ಹಿಗ್ಗುವ, ಒಂಟಿ ಹೆಂಗಸಿನ ಮಾತು. ಅದೂ ಕರಾವಳಿಯ ಕನ್ನಡದಲ್ಲಿ, ಎಂದರೆ ಬಯಲುಸೀಮೆಯ ನಾಲಗೆಗೆ ಒಗ್ಗಿದ ಏರಿಳಿತಗಳ ಆಸರೆಯೂ ಇಲ್ಲದೆ. ಹೀಗೆ ಆಸರೆಗಳನ್ನೆಲ್ಲ ಕಳಚಿದ ಮೇಲೆ ಉಳಿದದ್ದು ಕಣ್ಣು. ಪರದೆಯ ಮುಂದೆ ಕುಳಿತ ಗುಲಾಬಿಯ ಮುಖವನ್ನು ನೆನೆದುಕೊಳ್ಳಿ: ಅವಳು ನೋಡುತ್ತಿರುವ ಚಿತ್ರ ನಮಗೆ ಮುಖ್ಯವಲ್ಲ, ಅದರ ಬೆಳಕು ಅವಳ ಮುಖದ ಮೇಲೆ ಆಡುವುದಷ್ಟೇ ಕಾಣುತ್ತದೆ, ಬಾಯಿ ಅರೆತೆರೆದಿದೆ, ಮಗುವಿನ ಬೆರಗಿದೆ, ಮತ್ತು ಆ ಬೆರಗಿನ ಅಂಚಿನಲ್ಲಿ ತನಗೆ ದಕ್ಕದ ಸಂಸಾರವನ್ನು ಬೇರೆಯವರ ಕಥೆಯಲ್ಲಿ ಅನುಭವಿಸುವ ನಡುವಯಸ್ಸಿನ ಹೆಂಗಸಿನ ಹಸಿವಿದೆ. ಸಾತ್ತ್ವಿಕಾಭಿನಯವೆಂದು ಹಿಂದಿನವರು ಕರೆದದ್ದು ಇದನ್ನೇ. ಇಪ್ಪತ್ತೈದು ವರ್ಷ ಕ್ಯಾಮರಾದ ಮುಂದೆ ನಿಂತ ನಟಿಯ ಮುಖವನ್ನು ಕ್ಯಾಮರಾ ಹೀಗೆ ಸಾವಧಾನವಾಗಿ ನೋಡಿದ್ದು ಅದೇ ಮೊದಲೋ ಎನ್ನಿಸುತ್ತದೆ.

ಈ ಪಾತ್ರಕ್ಕಾಗಿ 2007ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಟಿಯ ಪ್ರಶಸ್ತಿ ಉಮಾಶ್ರೀಯವರಿಗೆ ಸಂದಿತು. ಕನ್ನಡ ಚಿತ್ರದ ಅಭಿನಯಕ್ಕಾಗಿ ಅದು ಹಿಂದೆ ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ ಅವರಿಗೂ ‘ಹಸೀನಾ’ದ ತಾರಾ ಅವರಿಗೂ ಬಂದಿತ್ತು, ಹಾಸ್ಯನಟಿಯೆಂದು ಮುದ್ರೆ ಬಿದ್ದವರೊಬ್ಬರಿಗೆ ಅದು ದೊರೆತುದರಲ್ಲಿ ವಿಶೇಷವಾದ ನ್ಯಾಯವಿತ್ತು. ಕಾಸರವಳ್ಳಿಯವರೇ ಮುಂದೆ ಅಮರೇಶ ನುಗಡೋಣಿಯವರ ಕಥೆಯಿಂದ ತೆಗೆದ ‘ಕನಸೆಂಬೋ ಕುದುರೆಯನೇರಿ’ಯಲ್ಲಿ ಗುಣಿ ತೋಡುವ ಈರ್ಯನ ಹೆಂಡತಿ ರುದ್ರಿಯ ಪಾತ್ರವನ್ನು ಅವರಿಗೆ ಕೊಟ್ಟರು. ಈರ್ಯನಾಗಿ ನಟಿಸಿದ ವೈಜನಾಥ ಬಿರಾದಾರರೂ ಹಾಸ್ಯದ ಚಿಕ್ಕಪುಟ್ಟ ಪಾತ್ರಗಳಲ್ಲಿ ಸವೆಯುತ್ತಿದ್ದವರೇ. ಚಿತ್ರರಂಗವು ಮೂಲೆಗೆ ಸರಿಸಿದ್ದ ಇಬ್ಬರನ್ನು ಮುಖಾಮುಖಿ ಕೂರಿಸಿದ ಆ ಚಿತ್ರದ ಗುಡಿಸಲಿನ ದೃಶ್ಯಗಳನ್ನು ನೋಡುವಾಗ, ನಮ್ಮಲ್ಲಿ ಪ್ರತಿಭೆಯ ಬರಗಾಲವಿದೆಯೆಂದು ಗೊಣಗುವವರ ಮಾತು ಎಷ್ಟು ಪೊಳ್ಳೆಂಬುದು ವೇದ್ಯವಾಗುತ್ತದೆ.

ಇದಾದ ಮೇಲೆ ಕೆಲಕಾಲ ರಾಜಕಾರಣವು ಅವರನ್ನು ಸೆಳೆದುಕೊಂಡಿತು. 2013ರಲ್ಲಿ ತೇರದಾಳದಿಂದ ವಿಧಾನಸಭೆಗೆ ಆಯ್ಕೆಯಾಗಿ, ಐದು ವರ್ಷ ಸಚಿವೆಯಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನು ನಿರ್ವಹಿಸಿದರು. ಆ ಕಾಲದ ಗುಣದೋಷಗಳ ವಿಮರ್ಶೆ ಈ ಲೇಖನದ ವಿಷಯವಲ್ಲ.

2021ರ ಡಿಸೆಂಬರಿನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯು ಉಮಾಶ್ರೀಯವರನ್ನು ದಿನವೂ ಮನೆಮನೆಗೆ ಕರೆತಂದಿತು. ಗಂಡುಮಗು ಹೆರಲಿಲ್ಲವೆಂದು ಗಂಡನಿಂದ ಪರಿತ್ಯಕ್ತಳಾಗಿ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದ ಪುಟ್ಟಕ್ಕನ ಕಥೆಯದು. ದಿನಂಪ್ರತಿ ಅರ್ಧ ಗಂಟೆ ಪ್ರಸಾರವಾಗಲೇಬೇಕಾದ ಧಾರಾವಾಹಿಯ ಚಿತ್ರೀಕರಣದಲ್ಲಿ ತಾಲೀಮಿಗೆ ಸಮಯವಿಲ್ಲ, ಪಾತ್ರ ಮುಂದೆ ಎತ್ತ ಹೋಗುವುದೆಂಬುದು ನಟಿಗೂ ಪೂರ್ತಿ ತಿಳಿದಿರುವುದಿಲ್ಲ. ನಾಟಕದಲ್ಲಿ ಎರಡು ಗಂಟೆಯಲ್ಲಿ ಮುಗಿಯುವ ದುಃಖವನ್ನು ಇಲ್ಲಿ ವರ್ಷಗಟ್ಟಲೆ ಹಿಗ್ಗಿಸಬೇಕು. ಕಣ್ಣೀರನ್ನು ಪ್ರತಿದಿನ ಕೇಳುವ ಈ ವ್ಯವಸ್ಥೆಯಲ್ಲಿ ಅನೇಕ ಒಳ್ಳೆಯ ನಟಿಯರು ಮುಖದ ನಾಲ್ಕು ಭಂಗಿಗಳಿಗೆ ಇಳಿದುಹೋಗಿದ್ದಾರೆ. ಪುಟ್ಟಕ್ಕನನ್ನು ಉಳಿಸಿದ್ದು ಕೆಲಸ. ಸೊಪ್ಪು ಬಿಡಿಸುತ್ತ, ಪಾತ್ರೆ ಎತ್ತುತ್ತ, ಎಲೆಯ ಮುಂದೆ ಕುಳಿತವರಿಗೆ ಬಡಿಸುತ್ತ ಉಮಾಶ್ರೀಯವರು ಮಾತನಾಡುವಾಗ ಕೈಗಳು ಸಂಭಾಷಣೆಗಿಂತ ಒಂದು ಹೆಜ್ಜೆ ಮುಂದಿರುತ್ತವೆ. ದುಡಿಮೆಯ ಲಯ ತಪ್ಪದಿರುವುದರಿಂದ ದುಃಖವು ಅತಿಗೆ ಹೋಗುವುದಿಲ್ಲ. ಕಥೆಯ ತಿರುವುಗಳು ಎಷ್ಟು ಅಸಂಭಾವ್ಯವಾದರೂ ಆ ಹೆಂಗಸು ಮಾತ್ರ ನಿಜವೆನ್ನಿಸುತ್ತಾಳೆ. ಧಾರಾವಾಹಿಗಳನ್ನು ಹೀಗಳೆಯುವ ವಿದ್ವಜ್ಜನರು ಇದನ್ನು ಗಮನಿಸಲಿಲ್ಲವೆಂಬುದು ನನ್ನ ದೂರು. ಗಂಡ ಬಿಟ್ಟವಳೆಂಬ ಕಾರಣಕ್ಕೆ ತಲೆತಗ್ಗಿಸಿ ಬದುಕಿದ ಎಷ್ಟೋ ತಾಯಂದಿರು ಪುಟ್ಟಕ್ಕನನ್ನು ನೋಡಿ ಪಡೆದಿರಬಹುದಾದ ಧೈರ್ಯಕ್ಕೆ ವಿಮರ್ಶೆಯಲ್ಲಿ ಸ್ಥಾನವಿರಬೇಕು.

ಅರುವತ್ತು ದಾಟಿದ ಮೇಲೆ ಕಲಾವಿದರು ಸಾಮಾನ್ಯವಾಗಿ ತಾವು ಗೆದ್ದ ನೆಲದಲ್ಲಿಯೇ ನಿಲ್ಲಲು ಇಚ್ಛಿಸುತ್ತಾರೆ. ಉಮಾಶ್ರೀಯವರಾದರೋ 2025ರ ಆರಂಭದಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಯಕ್ಷಗಾನದಲ್ಲಿ ಮಂಥರೆಯಾಗಿ ಗೆಜ್ಜೆ ಕಟ್ಟಿದರು. ಬಡಗುತಿಟ್ಟಿನ ವೃತ್ತಿಮೇಳಗಳಲ್ಲಿ ಸ್ತ್ರೀವೇಷಗಳನ್ನು ಪುರುಷರೇ ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. ಅಲ್ಲಿ ಭಾಗವತರ ಪದಕ್ಕೆ ಹೆಜ್ಜೆ ಹೊಂದಬೇಕು, ಪದ ಮುಗಿದೊಡನೆ ಅರ್ಥವನ್ನು ಆಶುವಾಗಿ ಆಡಬೇಕು, ಎದುರು ವೇಷಧಾರಿ ಹಾಕುವ ಪ್ರಶ್ನೆಗೆ ನಿಂತಲ್ಲೇ ಉತ್ತರ ಹೊಳೆಯಬೇಕು. ಬೇರೆಯ ಕಲೆಯ ಹಿರಿಯರೊಬ್ಬರು ಆ ಪರೀಕ್ಷೆಗೆ ತಾವಾಗಿ ಒಡ್ಡಿಕೊಂಡದ್ದು ಸಣ್ಣ ಮಾತಲ್ಲ. ಕೈಕೇಯಿಯ ಕಿವಿಯಲ್ಲಿ ವಿಷ ಬಿತ್ತುವ ಮಂಥರೆಯಂತೂ ಸಂಪೂರ್ಣವಾಗಿ ನಾಲಗೆಯ ಪಾತ್ರ. ಅವರು ಅದನ್ನೇ ಆಯ್ದುಕೊಂಡದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಚಿದಂಬರರಾವ್ ಜಂಬೆಯವರ ನಿರ್ದೇಶನದ ಏಕವ್ಯಕ್ತಿ ನಾಟಕ ‘ಶರ್ಮಿಷ್ಠೆ’ಯಾದರೋ ಅವರ ಇತ್ತೀಚಿನ ಕೃಷಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುವ ಪ್ರಯೋಗ. ವೃಷಪರ್ವನ ಮಗಳಾಗಿ ಅರಮನೆಯಲ್ಲಿ ಬೆಳೆದು, ದೇವಯಾನಿಯ ದಾಸಿಯಾಗಿ ಬಾಳಿ, ಯಯಾತಿಯ ಮಕ್ಕಳನ್ನು ಹೆತ್ತು, ಕೊನೆಗೆ ಕಿರಿಯ ಮಗ ಪೂರುವು ತನ್ನ ಯೌವನವನ್ನೇ ತಂದೆಗೆ ಒಪ್ಪಿಸಿ ಮುದುಕನಾಗುವುದನ್ನು ನೋಡಬೇಕಾದ ಹೆಣ್ಣು ಶರ್ಮಿಷ್ಠೆ. ಸಾಕವ್ವನಿಗಾಗಿ ಯೌವನದಲ್ಲಿ ವಾರ್ಧಕ್ಯವನ್ನು ಆವಾಹಿಸಿಕೊಂಡಿದ್ದ ನಟಿ ಇಲ್ಲಿ ಅದಕ್ಕೆ ಪ್ರತಿಯಾಗಿ, ಮಾಗಿದ ದೇಹದಿಂದ ರಾಜಪುತ್ರಿಯ ಸೊಕ್ಕನ್ನೂ ಪ್ರಣಯಿನಿಯ ಪುಳಕವನ್ನೂ ಹೊಮ್ಮಿಸಬೇಕಾಗಿದೆ. ಬೆಂಕಿಯ ಸುತ್ತ ಕೂತ ದೊಡ್ಡ ಸಂಸಾರವಿಲ್ಲ, ಮಾತಿಗೆ ಮಾತು ಕೊಡುವ ಜೊತೆಗಾರನಿಲ್ಲ, ಮುಖವನ್ನು ಹತ್ತಿರಕ್ಕೆ ತಂದು ತೋರಿಸುವ ಕ್ಯಾಮರಾವೂ ಇಲ್ಲ. ಸಿನೆಮಾ ಕಲಿಸಿದ ಸೂಕ್ಷ್ಮವನ್ನು ಕಲಾಕ್ಷೇತ್ರದ ಕೊನೆಯ ಸಾಲಿನವರೆಗೂ ಮುಟ್ಟಿಸುವುದು ಹೇಗೆಂಬ ಪ್ರಶ್ನೆಯನ್ನು ಅವರು ಪ್ರತಿಯೊಂದು ಪ್ರಯೋಗದಲ್ಲಿಯೂ ಹೊಸದಾಗಿ ಎದುರಿಸಬೇಕಾಗುತ್ತದೆ, ಮತ್ತು ಅದಕ್ಕೆ ಸಿದ್ಧ ಉತ್ತರವಿರುವ ನಟಿ ಅವರಲ್ಲವೆಂಬುದೇ ಆ ನಾಟಕವನ್ನು ಮತ್ತೊಮ್ಮೆ ನೋಡಬೇಕೆನ್ನಿಸುವಂತೆ ಮಾಡುತ್ತದೆ.